ಮಧುಮೇಹಿಗಳ ಪಾದಗಳ ನಿತ್ಯದ ಆರೈಕೆ ಮತ್ತು ಅದರ ವೆಚ್ಚ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಲಕ್ಷ್ಯದಲ್ಲಿಟ್ಟು ಒಂದು ವಿವೇಚನೆ

1. ಪ್ರಾಸ್ತಾವಿಕ

ರೋಗದ ವೆಚ್ಚವೆಂದೊಡನೆ ಔಷಧದ ಬೆಲೆ, ವೈದ್ಯರ ಶುಲ್ಕ, ಆಸ್ಪತ್ರೆಯ ಬಿಲ್ಲು ಇವು ನಮ್ಮ ಮನಸ್ಸಿಗೆ ಬರುತ್ತವೆ. ಇವೆಲ್ಲ ಕಾಗದದ ಮೇಲೆ ಬರೆದು ಕೂಡಿಸಲು ಬರುವಂಥ ವೆಚ್ಚಗಳು. ಆದರೆ ಕೆಲವು ರೋಗಗಳ ವಿಷಯದಲ್ಲಿ, ಯಾವ ಬಿಲ್ಲಿನಲ್ಲಿಯೂ ಕಾಣಿಸಿಕೊಳ್ಳದ ವೆಚ್ಚವೇ ರೋಗಿಯು ಚಿಕಿತ್ಸೆಗೆ ಹೋಗುವನೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಮಧುಮೇಹಿಗಳ ಪಾದಗಳ ಆರೈಕೆಯು ಇಂಥ ವಿಷಯಗಳಲ್ಲೊಂದು. ಈ ಆರೈಕೆಗೆ ಬೆಲೆಬಾಳುವ ಯಂತ್ರಗಳು ಬೇಕಿಲ್ಲ. ದೀರ್ಘಕಾಲದ ಔಷಧಗಳೂ ಬೇಕಿಲ್ಲ. ಹಾಗಿದ್ದೂ ಅದು ಬಹುಜನರಿಗೆ ದೊರೆಯದೆ ಹೋಗುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಅರ್ಥಶಾಸ್ತ್ರದ ದೃಷ್ಟಿಯಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯ ವ್ಯಾಪ್ತಿ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ, 2021ರಲ್ಲಿ ನಮ್ಮ ದೇಶದಲ್ಲಿ 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದರು. ಇಪ್ಪತ್ತು ವರ್ಷ ಮೇಲ್ಪಟ್ಟವರಲ್ಲಿ ಇದು ನೂರಕ್ಕೆ 11.4ರಷ್ಟಾಗುತ್ತದೆ. ನಗರಗಳಲ್ಲಿ ಈ ಪ್ರಮಾಣ ನೂರಕ್ಕೆ 16.4 ಇದ್ದರೆ ಹಳ್ಳಿಗಳಲ್ಲಿ 8.9 ಇತ್ತು. ಮಧುಮೇಹವು ಪಟ್ಟಣದ ಸ್ಥಿತಿವಂತರ ರೋಗವೆಂಬ ಹಳೆಯ ಕಲ್ಪನೆಗೆ ಇನ್ನು ಆಧಾರವಿಲ್ಲ. ಹೊಲದಲ್ಲಿ ಬರಿಗಾಲಿನಿಂದ ದುಡಿಯುವವನೂ ಇಂದು ಮಧುಮೇಹಿಯಾಗಿರಬಹುದು.

ಈ ಕಾರಣದಿಂದಲೇ ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳನ್ನು ಇಲ್ಲಿ ಆರಿಸಿಕೊಂಡಿದೆ. ಗೋಕಾಕ, ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಮೂಡಲಗಿ, ಹಾಗೂ ಹುಕ್ಕೇರಿ ಇವು ಘಟಪ್ರಭಾ ನದಿಯ ಆಸರೆಯಲ್ಲಿರುವ ಪ್ರದೇಶಗಳು. ಧುಪದಾಳದ ಒಡ್ಡು ಮತ್ತು ಹಿಡಕಲ್ ಜಲಾಶಯಗಳಿಂದ ಹರಿದ ನೀರು ಇಲ್ಲಿಯ ಭೂಮಿಯನ್ನು ಕಬ್ಬಿನ ನಾಡನ್ನಾಗಿ ಮಾಡಿದೆ. ಕಬ್ಬಿನ ಬೇಸಾಯವು ಪಾದಗಳಿಗೆ ಕಠಿನವಾದುದು. ಕಡಿದ ಕಬ್ಬಿನ ಕೂಳೆ ಮೊನಚಾಗಿರುತ್ತದೆ. ಒಣಗಿದ ರವದಿಯ ಕೆಳಗೆ ಏನಿದೆಯೆಂಬುದು ಕಾಣುವುದಿಲ್ಲ. ನೀರು ಹಾಯಿಸುವ ದಿನಗಳಲ್ಲಿ ಕಾಲು ಗಂಟೆಗಟ್ಟಲೆ ಕೆಸರಿನಲ್ಲಿರುತ್ತದೆ. ಬದುವಿನ ಮೇಲೆ ಜಾಲಿಯ ಮುಳ್ಳು, ಬೇಸಗೆಯಲ್ಲಿ ಕಾದ ನೆಲ. ಇದಲ್ಲದೆ ಸವದತ್ತಿ, ಚಿಂಚಲಿ, ಶ್ರೀಶೈಲಗಳಂಥ ಕ್ಷೇತ್ರಗಳಿಗೆ ಬರಿಗಾಲಿನಲ್ಲಿ ನಡೆದುಹೋಗುವ ಹರಕೆಯ ಸಂಪ್ರದಾಯವೂ ಈ ಭಾಗದಲ್ಲಿದೆ. ಆರೋಗ್ಯವಂತನ ಪಾದವು ಇವೆಲ್ಲವನ್ನೂ ಸಹಿಸಿಕೊಳ್ಳುತ್ತದೆ. ಮಧುಮೇಹಿಯ ಪಾದವೂ ಸಹಿಸಿಕೊಂಡಂತೆ ತೋರುತ್ತದೆ. ಅಪಾಯವಿರುವುದು ಈ ತೋರಿಕೆಯಲ್ಲಿಯೇ.

2. ಪಾದವು ಕೆಡುವ ಬಗೆ

ರಕ್ತದಲ್ಲಿ ಸಕ್ಕರೆಯ ಅಂಶವು ವರ್ಷಗಟ್ಟಲೆ ಹೆಚ್ಚಾಗಿದ್ದರೆ ನರಗಳಿಗೆ ಹಾನಿಯಾಗುತ್ತದೆ. ಅತ್ಯಂತ ಉದ್ದವಾದ ನರಗಳು ಮೊದಲು ಕೆಡುವುದರಿಂದ ಕಾಲ್ಬೆರಳುಗಳು ಮೊದಲು ಮರಗಟ್ಟುತ್ತವೆ. ಇದರಿಂದ ಮೂರು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ನೋವಿನ ಅರಿವು ಕುಂದುತ್ತದೆ. ಎರಡನೆಯದಾಗಿ, ಪಾದದ ಸಣ್ಣ ಸ್ನಾಯುಗಳು ದುರ್ಬಲವಾಗಿ ಬೆರಳುಗಳು ಡೊಂಕಾಗುತ್ತವೆ. ಆಗ ದೇಹದ ಭಾರವು ಕೆಲವೇ ಸ್ಥಳಗಳ ಮೇಲೆ ಬಿದ್ದು ಅಲ್ಲಿ ಚರ್ಮ ಗಟ್ಟಿಯಾಗುತ್ತದೆ, ಆಣಿ ಬೆಳೆಯುತ್ತದೆ. ಮೂರನೆಯದಾಗಿ, ಬೆವರುವಿಕೆ ನಿಂತು ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಇದರೊಂದಿಗೆ ಕಾಲಿನ ರಕ್ತನಾಳಗಳು ಸಂಕುಚಿತವಾಗಿದ್ದರೆ ಆದ ಗಾಯವು ಬೇಗ ಮಾಯುವುದಿಲ್ಲ.

ಗಟ್ಟಿಯಾದ ಚರ್ಮವು ಪಾದದಡಿಯ ಸಣ್ಣ ಹರಳಿನಂತೆ ಒತ್ತುತ್ತ ಹೋಗುತ್ತದೆ. ಆರೋಗ್ಯವಂತನಾದರೆ ನೋವಿನಿಂದ ಕಾಲನ್ನು ಸರಿಸಿ ನಡೆಯುತ್ತಾನೆ. ಅರಿವಿಲ್ಲದವನು ಅದರ ಮೇಲೆಯೇ ನಡೆಯುತ್ತಾನೆ. ಮೇಲಿನ ಚರ್ಮ ಹಾಗೆಯೇ ಇದ್ದು ಒಳಗೆ ಹುಣ್ಣಾಗುತ್ತದೆ. ರಕ್ತವೋ ಕೀವೋ ಕಂಡ ಮೇಲೆ, ಇಲ್ಲವೆ ದುರ್ವಾಸನೆ ಬಂದ ಮೇಲೆ ಮನೆಯವರಿಗೆ ತಿಳಿಯುತ್ತದೆ. 2017ರಲ್ಲಿ ಪ್ರಕಟವಾದ ಒಂದು ಪ್ರಮುಖ ವೈದ್ಯಕೀಯ ಸಮಾಲೋಚನೆಯ ಮೇರೆಗೆ, ಮಧುಮೇಹಿಗಳಲ್ಲಿ ನೂರಕ್ಕೆ 19ರಿಂದ 34ರಷ್ಟು ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗುವ ಸಂಭವವಿದೆ. ಒಮ್ಮೆ ಮಾಯ್ದ ಹುಣ್ಣು ವರ್ಷದೊಳಗೆ ಮರುಕಳಿಸುವ ಪ್ರಮಾಣ ನೂರಕ್ಕೆ 40ರ ಸುಮಾರು.

ಈ ತತ್ತ್ವದ ಸ್ಪಷ್ಟ ತಿಳಿವಳಿಕೆ ನಮಗೆ ದೊರೆತುದು ಬಹುಮಟ್ಟಿಗೆ ದಕ್ಷಿಣ ಭಾರತದಲ್ಲಿ, ಅದೂ ಇನ್ನೊಂದು ರೋಗದ ಮೂಲಕ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ಪರಿಶೀಲಿಸಿ, ಅವು ಕ್ಷಯಿಸುವುದಕ್ಕೆ ಮುಖ್ಯ ಕಾರಣ ನೋವಿನ ಅರಿವಿಲ್ಲದೆ ನಿತ್ಯವೂ ಆಗುವ ಪೆಟ್ಟುಗಳೇ ಎಂದು ತೋರಿಸಿದರು. ಮುಂದೆ ಅವರು ಅಮೆರಿಕಕ್ಕೆ ಹೋದಾಗ ಇದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು. ರೋಗಗಳು ಬೇರೆಯಾದರೂ ಮರಗಟ್ಟಿದ ಪಾದದ ಗತಿ ಒಂದೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ವೆಚ್ಚದ ವಿಚಾರದಲ್ಲಿ ಇದು ಮತ್ತೆ ಬರುವುದು.

3. ನಿತ್ಯದ ಆರೈಕೆಯ ಸ್ವರೂಪ

ಆರೈಕೆಯಲ್ಲಿ ಎರಡು ಭಾಗಗಳುಂಟು. ಮೊದಲನೆಯದು ಮನೆಯಲ್ಲಿ ನಡೆಯತಕ್ಕದ್ದು. ಪ್ರತಿದಿನ ಸಂಜೆ ಪಾದವನ್ನು ತೊಳೆದು, ಬೆರಳುಸಂದುಗಳನ್ನು ಒಣಗಿಸಿ, ಅಂಗಾಲನ್ನು ನೋಡಿಕೊಳ್ಳಬೇಕು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು. ದೃಷ್ಟಿ ಮಂದವಾದವರ ಕಾಲನ್ನು ಮನೆಯವರು ನೋಡಬೇಕು. ಒರೆಸುವ ಬಟ್ಟೆ ಬಿಳಿಯದಾಗಿದ್ದರೆ ರಕ್ತ ಅಥವಾ ಕೀವಿನ ಕಲೆ ಕೂಡಲೇ ಕಾಣುತ್ತದೆ. ಒಣ ಚರ್ಮಕ್ಕೆ ಎಣ್ಣೆ ಸವರಬೇಕು, ಬೆರಳುಸಂದುಗಳಲ್ಲಿ ಮಾತ್ರ ಸವರಬಾರದು. ನೀರಿನ ಬಿಸಿಯನ್ನು ಕಾಲಿನಿಂದ ಪರೀಕ್ಷಿಸದೆ ಮೊಣಕೈಯಿಂದ ಪರೀಕ್ಷಿಸಬೇಕು. ಉಗುರನ್ನು ನೇರವಾಗಿ ಕತ್ತರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದಾಗಲಿ, ಅದರ ಮೇಲೆ ಚರ್ಮ ಸುಡುವ ಔಷಧ ಹಚ್ಚುವುದಾಗಲಿ ಸಲ್ಲದು. ಮೆಟ್ಟು ಹಾಕಿಕೊಳ್ಳುವ ಮೊದಲು ಒಳಗೆ ಹರಳು ಮುಳ್ಳುಗಳಿವೆಯೇ ಎಂದು ಕೊಡವಿ ನೋಡಬೇಕು. ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಬಾರದು. ಈ ಭಾಗಕ್ಕೆ ಹಣದ ವೆಚ್ಚ ಇಲ್ಲವೆಂದೇ ಹೇಳಬಹುದು. ಒಬ್ಬರು ಕಲಿಸಿಕೊಡಬೇಕು, ಅಷ್ಟೆ.

ಎರಡನೆಯದು ತರಬೇತಿ ಪಡೆದವರಿಂದ ಆಗತಕ್ಕ ಪರೀಕ್ಷೆ ಮತ್ತು ಉಪಚಾರ. ಹತ್ತು ಗ್ರಾಂ ಭಾರಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಮುಟ್ಟಿದ್ದು ತಿಳಿಯುವುದೇ ಎಂದು ಕೇಳುವುದು ಇದರ ಮುಖ್ಯ ಅಂಗ. ಈ ಎಳೆಯೂ ಇಲ್ಲದಿದ್ದಲ್ಲಿ, ರೋಗಿಗೆ ಕಣ್ಣು ಮುಚ್ಚಲು ಹೇಳಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ ಕೇಳಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ ಈ ಪರೀಕ್ಷೆಗೆ ಬೆರಳಲ್ಲದೆ ಬೇರೆ ಉಪಕರಣ ಬೇಕಿಲ್ಲ. ಇದರೊಂದಿಗೆ ಪಾದದ ನಾಡಿಯನ್ನು ನೋಡುವುದು, ಆಣಿಯನ್ನು ಹೆರೆದು ತೆಗೆಯುವುದು, ದಪ್ಪನಾದ ಉಗುರನ್ನು ಕತ್ತರಿಸುವುದು, ಮೆಟ್ಟನ್ನು ಪರೀಕ್ಷಿಸುವುದು ಇವು ಸೇರುತ್ತವೆ. ಒಟ್ಟಿನಲ್ಲಿ ಕಾಲು ಗಂಟೆಯ ಕೆಲಸ.

4. ವೆಚ್ಚದ ಅಂಗಗಳು

ಸರಕಾರಿ ಆಸ್ಪತ್ರೆಯಲ್ಲಿ ಇಂಥ ಪರೀಕ್ಷೆಗೆ ರೋಗಿಯು ಕೊಡಬೇಕಾದ ಹಣ ಅತ್ಯಲ್ಪ. ಹಾಗಾದರೆ ರೋಗಿಗೆ ತಗಲುವ ವೆಚ್ಚ ಯಾವುದು? ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ವೆಂಬ ಕಲ್ಪನೆಯುಂಟು. ಒಂದು ಕೆಲಸವನ್ನು ಮಾಡುವುದಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದು ಕೆಲಸದ ಫಲವೇ ಅದು. ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ ಬಂದು, ಸರತಿಯಲ್ಲಿ ನಿಂತು, ಪರೀಕ್ಷೆ ಮಾಡಿಸಿಕೊಂಡು ಹಿಂದಿರುಗುವಷ್ಟರಲ್ಲಿ ದಿನದ ದುಡಿಮೆ ಹೋಗುತ್ತದೆ. ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಹೋಗಬೇಕಾದರೆ ದಿನ ಹೋಗುವುದು ನಿಶ್ಚಯ. ಗೋಕಾಕದಿಂದ ಅಲ್ಲಿಗೆ 60 ಕಿಲೋಮೀಟರಿನ ಮೇಲ್ಪಟ್ಟ ದಾರಿ. ರೋಗಿಯು ವೃದ್ಧನಾಗಿದ್ದರೆ, ಕಣ್ಣು ಮಂದವಾಗಿದ್ದರೆ ಜೊತೆಗೊಬ್ಬರು ಬರಬೇಕು. ಅವರ ದಿನವೂ ಹೋಗುತ್ತದೆ.

ಈ ವೆಚ್ಚವನ್ನು ಅಳೆಯಲು ಒಂದು ಮಾನವನ್ನು ಇಟ್ಟುಕೊಳ್ಳೋಣ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025–26ನೆಯ ಸಾಲಿನಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಎಷ್ಟು ಸಲ ಹೋಗಬೇಕೆಂಬುದಕ್ಕೆ, ಮಧುಮೇಹಿಗಳ ಪಾದವನ್ನು ಕುರಿತ ಅಂತರರಾಷ್ಟ್ರೀಯ ಕಾರ್ಯತಂಡವು 2023ರ ಮಾರ್ಗಸೂಚಿಯಲ್ಲಿ ಹೇಳಿರುವ ನಾಲ್ಕು ದರ್ಜೆಗಳನ್ನು ಆಧರಿಸಬಹುದು. ಪ್ರತಿ ಭೇಟಿಗೂ ಪೂರ್ತಿ ಒಂದು ದಿನ ಹೋಗುವುದೆಂದು ಭಾವಿಸಿದರೆ ವರ್ಷದ ಲೆಕ್ಕ ಹೀಗಾಗುತ್ತದೆ:

ದರ್ಜೆ 0. ಸ್ಪರ್ಶಜ್ಞಾನವೂ ರಕ್ತಸಂಚಾರವೂ ಸರಿಯಾಗಿರುವ ಪಾದ. ಭೇಟಿ 1. ರೋಗಿಯ ಕೂಲಿ ರೂ. 370, ಜೊತೆಗಾರರದೂ ಸೇರಿ ರೂ. 740.

ದರ್ಜೆ 1. ಸ್ಪರ್ಶಜ್ಞಾನ ಅಥವಾ ರಕ್ತಸಂಚಾರ ಇವೆರಡರಲ್ಲಿ ಒಂದು ಕುಂದಿದ ಪಾದ. ಭೇಟಿ 1ರಿಂದ 2. ರೋಗಿಯ ಕೂಲಿ ರೂ. 370ರಿಂದ 740, ಜೊತೆಗಾರರದೂ ಸೇರಿ ರೂ. 740ರಿಂದ 1,480.

ದರ್ಜೆ 2. ಎರಡೂ ಕುಂದಿದ, ಅಥವಾ ಒಂದು ಕುಂದಿ ಆಕಾರವೂ ಕೆಟ್ಟ ಪಾದ. ಭೇಟಿ 2ರಿಂದ 4. ರೋಗಿಯ ಕೂಲಿ ರೂ. 740ರಿಂದ 1,480, ಜೊತೆಗಾರರದೂ ಸೇರಿ ರೂ. 1,480ರಿಂದ 2,960.

ದರ್ಜೆ 3. ಇವುಗಳಲ್ಲಿ ಒಂದಾದರೂ ಕುಂದಿದ್ದು, ಹಿಂದೆ ಹುಣ್ಣಾದ, ಅಂಗಚ್ಛೇದವಾದ, ಅಥವಾ ಮೂತ್ರಪಿಂಡಗಳು ಪೂರ್ತಿ ಸೋತವರ ಪಾದ. ಭೇಟಿ 4ರಿಂದ 12. ರೋಗಿಯ ಕೂಲಿ ರೂ. 1,480ರಿಂದ 4,440, ಜೊತೆಗಾರರದೂ ಸೇರಿ ರೂ. 2,960ರಿಂದ 8,880.

ಇದು ಕ್ಷೇತ್ರಕಾರ್ಯದಿಂದ ಬಂದ ಅಂಕಿಯಲ್ಲ, ಕೇವಲ ಗಣಿತದ ಫಲವೆಂಬುದನ್ನು ಸ್ಪಷ್ಟಪಡಿಸಬೇಕು. ಆದರೂ ಇದರಿಂದ ಎರಡು ಸಂಗತಿಗಳು ಗೋಚರವಾಗುತ್ತವೆ. ಒಂದು, ಅಪಾಯ ಹೆಚ್ಚಿದಂತೆ ರೋಗಿಯ ಪಾಲಿನ ಈ ವೆಚ್ಚ ಏರುತ್ತದೆ. ಹುಣ್ಣಿನಿಂದ ಈಗಾಗಲೇ ಬಡವಾದ ಕುಟುಂಬವೇ ಹೆಚ್ಚು ದಿನಗಳನ್ನು ಕೊಡಬೇಕಾಗುತ್ತದೆ. ತಿಂಗಳಿಗೊಮ್ಮೆ ಇಬ್ಬರು ಹೋಗಿಬಂದರೆ ವರ್ಷಕ್ಕೆ 24 ದಿನಗಳ ದುಡಿಮೆ ಹೋಯಿತು. ಎರಡು, ಆರೈಕೆಗೆ ಹಿಡಿಯುವ ಕಾಲ ಕಾಲು ಗಂಟೆ. ರೋಗಿಯು ಅದಕ್ಕಾಗಿ ತೆರುವುದು ಒಂದು ದಿನ. ಹನ್ನೆರಡು ಭೇಟಿಗಳ ಆರೈಕೆಯ ಕಾಲವೆಲ್ಲ ಸೇರಿದರೂ ಮೂರೇ ಗಂಟೆಯಾಗುತ್ತದೆ. ಉಳಿದುದೆಲ್ಲ ದಾರಿಯ ಹಾಗೂ ಕಾಯುವಿಕೆಯ ವೆಚ್ಚ.

2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಇದು ನಿಜವಾದ ಸಹಾಯ. ಆದರೆ ಮೇಲಿನ ಲೆಕ್ಕದಲ್ಲಿ ಬಸ್ಸಿನ ದರವನ್ನು ಸೇರಿಸಿಯೇ ಇಲ್ಲ. ದರವಿಲ್ಲದಿದ್ದರೂ ದಿನದ ವೆಚ್ಚ ಹಾಗೆಯೇ ಉಳಿಯುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಈ ದಿನದ ಬೆಲೆ ಇನ್ನೂ ಹೆಚ್ಚು. ಅಂಥ ದಿನಗಳಲ್ಲಿ ನೋಯದ ಕಾಲನ್ನು ತೋರಿಸಲೆಂದು ಕೂಲಿ ಬಿಟ್ಟು ಹೋಗುವುದು ಯಾರಿಗಾದರೂ ಅವಿವೇಕವೆನಿಸುವುದು ಸಹಜ. ಹಲ್ಲು ನೋವಿಗೆ ದಿನ ಬಿಡುವವನು ಪಾದದ ಹುಣ್ಣಿಗೆ ಬಿಡುವುದಿಲ್ಲ, ಏಕೆಂದರೆ ಅದು ನೋಯುವುದಿಲ್ಲ. ನೋವು ಇಲ್ಲದಿರುವುದೇ ರೋಗದ ಲಕ್ಷಣವೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ವಸ್ತುತಃ ತನಗೆ ತಿಳಿದಿರುವಷ್ಟರ ಮಟ್ಟಿಗೆ ಅವನ ಲೆಕ್ಕ ಸರಿಯಾಗಿಯೇ ಇದೆ.

5. ಪಾದರಕ್ಷೆಯ ಪ್ರಶ್ನೆ

ನಿತ್ಯದ ಆರೈಕೆಯಲ್ಲಿ ಕೈಯಿಂದ ಹಣ ಕೊಟ್ಟು ಕೊಳ್ಳಬೇಕಾದ ಮುಖ್ಯ ವಸ್ತು ಪಾದರಕ್ಷೆ. ಮರಗಟ್ಟಿದ ಪಾದಕ್ಕೆ ಒಳಗೆ ಮೆತ್ತಗಿನ, ಹೊರಗೆ ಮುಳ್ಳು ತೂರದಷ್ಟು ಗಟ್ಟಿಯಾದ, ಹಿಮ್ಮಡಿಗೆ ಪಟ್ಟಿಯಿರುವ, ಮೊಳೆ ಹೊಡೆಯದೆ ಅಂಟು ಹೊಲಿಗೆಗಳಿಂದ ಮಾಡಿದ ಮೆಟ್ಟು ಬೇಕು. ಈ ಉದ್ದೇಶಕ್ಕೆ ಅನುಕೂಲವಾದ ಮೈಕ್ರೋಸೆಲ್ಯುಲರ್ ರಬ್ಬರಿನ ಪಾದರಕ್ಷೆಯು ವೆಲ್ಲೂರು ಮತ್ತು ಕರಿಗಿರಿಗಳ ಕುಷ್ಠರೋಗ ಕಾರ್ಯದಿಂದಲೇ ಬೆಳೆದುಬಂದುದು. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಅರಿವುಗೆಟ್ಟ ಪಾದಗಳಿರುವ ಕುಷ್ಠರೋಗಿಗಳಿಗೆ ಸರಕಾರವು ಈ ಪಾದರಕ್ಷೆಯನ್ನು ಉಚಿತವಾಗಿ ಕೊಡುತ್ತದೆ. ಅದೇ ಬಗೆಯಲ್ಲಿ ಮರಗಟ್ಟಿದ, ಅದೇ ಬಗೆಯಲ್ಲಿ ಹುಣ್ಣಾಗುವ ಮಧುಮೇಹಿಯ ಪಾದಕ್ಕೆ ಇಂಥ ಸಾರ್ವತ್ರಿಕ ಏರ್ಪಾಡಿಲ್ಲ. ಎರಡು ಪಾದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಭೇದಕ್ಕೆ ಶಾರೀರಿಕ ಕಾರಣವಾವುದೂ ಕಾಣುವುದಿಲ್ಲ; ಕಾರಣವಿರುವುದು ಕಾರ್ಯಕ್ರಮಗಳ ಇತಿಹಾಸದಲ್ಲಿ.

ಬೆಳಗಾವಿ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕೊಲ್ಹಾಪುರಿ ಚಪ್ಪಲಿಯೆಂದು ಹೆಸರಾದ ಪಾದರಕ್ಷೆಯ ತಯಾರಿಕೆಗೆ ಅಥಣಿ, ನಿಪ್ಪಾಣಿಗಳ ಸುತ್ತಿನ ಕುಶಲಕರ್ಮಿಗಳು ಪ್ರಸಿದ್ಧರು. ಈ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಈ ಚಪ್ಪಲಿಯು ಇದ್ದಕ್ಕಿದ್ದಂತೆ ಮಧುಮೇಹಿಗೆ ತಕ್ಕುದಲ್ಲ. ಅದರ ತೊಗಲಿನ ಅಟ್ಟೆ ಗಟ್ಟಿ, ಹೆಬ್ಬೆರಳಿನ ಉಂಗುರ ಉಜ್ಜುತ್ತದೆ, ಹಿಮ್ಮಡಿಗೆ ಆಧಾರವಿಲ್ಲ. ಆದರೆ ಅಳತೆ ತೆಗೆದು ಒಂದೊಂದು ಕಾಲಿಗೆ ಒಂದೊಂದು ಜೋಡು ಹೊಲಿಯುವ ಕೈಗಾರಿಕೆ ಜಿಲ್ಲೆಯಲ್ಲಿಯೇ ಇದೆ. ಮೆತ್ತಗಿನ ರಬ್ಬರೂ ತಕ್ಕ ತರಬೇತಿಯೂ ದೊರೆತರೆ ಅದೇ ಕೈಗಳಿಂದ ಈ ಮೆಟ್ಟನ್ನೂ ಮಾಡಿಸಬಹುದು. ದೂರದ ನಗರದಿಂದ ತರಿಸಿದ ಮೆಟ್ಟು ಹರಿದರೆ ಮೂಲೆ ಸೇರುತ್ತದೆ. ಊರಿನಲ್ಲಿ ಹೊಲಿದದ್ದನ್ನು ಊರಿನಲ್ಲಿಯೇ ರಿಪೇರಿ ಮಾಡಿಸಬಹುದು.

6. ಹಣ ಕೊಡುವವರು ಯಾರು, ಯಾವುದಕ್ಕೆ?

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡತನರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆಯನ್ನು ಕೊಟ್ಟಿತು. ಸಹಕಾರಿ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಹುಟ್ಟಿದ ಯಶಸ್ವಿನಿ ಯೋಜನೆಯು, ನಡುವೆ ನಿಂತು, ಮತ್ತೆ ಆರಂಭವಾಗಿದೆ. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಇಂಥ ಯೋಜನೆಗಳೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ಸೇರಿದ ರೋಗಿಯನ್ನು ಉದ್ದೇಶಿಸಿದವು. ಹುಣ್ಣು ಕೊಳೆತು ಶಸ್ತ್ರಚಿಕಿತ್ಸೆಯ ಹಂತಕ್ಕೆ ಬಂದಾಗ ಅವು ನೆರವಿಗೆ ಬರುತ್ತವೆ. ಹುಣ್ಣಾಗದಂತೆ ಕಾಯುವ ಮೆಟ್ಟು, ಆಣಿಯ ಉಪಚಾರ, ಹೋದ ದಿನದ ಕೂಲಿ ಇವು ಅವುಗಳ ಹೊರಗೆ ಉಳಿಯುತ್ತವೆ. ಕಾಲನ್ನು ಕತ್ತರಿಸುವುದಕ್ಕೆ ಹಣವಿದ್ದು, ಕಾಯುವುದಕ್ಕೆ ಇಲ್ಲವೆಂಬಂತಾಗಿದೆ.

ಕಾಯದಿದ್ದರೆ ಆಗುವ ನಷ್ಟವೆಷ್ಟು? ಚಿಲಿ, ಚೀನಾ, ಭಾರತ, ಟಾಂಜಾನಿಯಾ, ಅಮೆರಿಕ ಈ ಐದು ದೇಶಗಳನ್ನು ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜಟಿಲವಾದ ಪಾದದ ಹುಣ್ಣಿನ ಚಿಕಿತ್ಸೆಗೆ ಭಾರತದ ರೋಗಿಯು ತೆರಬೇಕಾದುದು ಐದು ವರ್ಷಗಳಿಗೂ ಮೀರಿದ ಸರಾಸರಿ ವರಮಾನಕ್ಕೆ ಸಮವೆಂದು ಅಂದಾಜು ಮಾಡಿತು. ವಿಮೆಯು ಆಸ್ಪತ್ರೆಯ ಬಿಲ್ಲನ್ನು ಕೊಟ್ಟರೂ, ಕಾಲು ಕಳೆದುಕೊಂಡವನ ಮುಂದಿನ ದುಡಿಮೆಯನ್ನು ಅದು ಕೊಡಲಾರದು.

ಹಾಗೆಂದು ಎಲ್ಲರಿಗೂ ಎಲ್ಲ ಆರೈಕೆಯನ್ನೂ ಕೊಡಬೇಕೆಂಬುದು ಸರಿಯಲ್ಲ. 2001ರಲ್ಲಿ ಸ್ವೀಡನ್ನಿನ ಸಂಶೋಧಕರು ಮಾಡಿದ ಗಣನೆಯ ಮೇರೆಗೆ, ಹುಣ್ಣು ಮತ್ತು ಅಂಗಚ್ಛೇದಗಳನ್ನು ನೂರಕ್ಕೆ 25ರಷ್ಟು ತಗ್ಗಿಸಬಲ್ಲ ತೀವ್ರ ಪ್ರತಿಬಂಧಕ ಆರೈಕೆಯು, ಅಪಾಯದ ಲಕ್ಷಣವಿರುವವರ ವಿಷಯದಲ್ಲಿ ವೆಚ್ಚಕ್ಕೆ ತಕ್ಕ ಫಲವನ್ನು ಕೊಡುತ್ತದೆ, ಇಲ್ಲವೆ ಹಣವನ್ನೇ ಉಳಿಸುತ್ತದೆ. ಅಂಥ ಲಕ್ಷಣವಿಲ್ಲದವರಲ್ಲಿ ಹಾಗಾಗುವುದಿಲ್ಲ. ಆದುದರಿಂದ ದರ್ಜೆಯನ್ನು ಗುರುತಿಸುವುದೇ ಮೊದಲ ಮಿತವ್ಯಯ. ಅಮೆರಿಕದ ಮೆಡಿಕೇರ್ ವಿಮೆಯು 1990ರ ದಶಕದಿಂದ ಅಪಾಯದ ಲಕ್ಷಣವಿರುವ ಮಧುಮೇಹಿಗೆ ವರ್ಷಕ್ಕೊಂದು ಜೊತೆ ಪಾದರಕ್ಷೆಯನ್ನು ಕೊಡಿಸುತ್ತಿರುವುದು ಇದೇ ತತ್ತ್ವದ ಮೇಲೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವುದೇನೆಂದರೆ, ಪಾದಗಳ ಆರೈಕೆಯ ವೆಚ್ಚವನ್ನು ತಗ್ಗಿಸಬೇಕಾದರೆ ಮೊದಲು ದಾರಿಯನ್ನು ತಗ್ಗಿಸಬೇಕು. ಮಧುಮೇಹಿಯು ಗುಳಿಗೆಗಾಗಿ ಹೇಗೂ ಊರಿನ ಅಥವಾ ಪಕ್ಕದೂರಿನ ಆರೋಗ್ಯ ಕೇಂದ್ರಕ್ಕೆ ಬರುತ್ತಾನೆ. ಅದೇ ದಿನ ಅವನ ಮೆಟ್ಟು ಬಿಚ್ಚಿಸಿ ಬೆರಳುಗಳನ್ನು ಮುಟ್ಟಿ ನೋಡಿದರೆ ಹೊಸದಾಗಿ ಯಾವ ದಿನವೂ ಹೋಗುವುದಿಲ್ಲ. 2024ರಲ್ಲಿ ರಾಜ್ಯದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯ ತಪಾಸಣೆಯ ಪಟ್ಟಿಯಲ್ಲಿ ಮಧುಮೇಹಿಗಳ ಪಾದವನ್ನೂ ಸೇರಿಸಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಪಟ್ಟಿಯಲ್ಲಿರುವುದು ಮನೆಬಾಗಿಲಿನಲ್ಲಿ ನಿಜವಾಗಿ ನಡೆಯಬೇಕಾದರೆ ಕೆಲಸಗಾರರಿಗೆ ತರಬೇತಿ ಬೇಕು. ನಾಗಪುರದ ಡಾ. ಶರದ ಪೇಂಡಸೆ ಮತ್ತು ಟಾಂಜಾನಿಯಾದ ಡಾ. ಜುಲ್ಫಿಕರಲಿ ಅಬ್ಬಾಸ್ ಅವರ ಮುಂದಾಳುತನದಲ್ಲಿ 2004ರ ಸುಮಾರಿಗೆ ನಡೆದ ‘ಹೆಜ್ಜೆ ಹೆಜ್ಜೆಯಾಗಿ’ ಎಂಬರ್ಥದ ಹೆಸರಿನ ಯೋಜನೆಯು, ಸಾಮಾನ್ಯ ವೈದ್ಯರಿಗೂ ಅವರ ಸಹಾಯಕರಿಗೂ ಜೊತೆಜೊತೆಯಾಗಿ ಈ ವಿದ್ಯೆಯನ್ನು ಕಲಿಸಬಹುದೆಂದು ತೋರಿಸಿಕೊಟ್ಟಿದೆ.

ಎರಡನೆಯದಾಗಿ, ಮರಗಟ್ಟಿದ ಪಾದವೆಂದು ತಿಳಿದವರಿಗೆಲ್ಲ, ರೋಗ ಯಾವುದೇ ಇರಲಿ, ತಕ್ಕ ಮೆಟ್ಟು ದೊರೆಯಬೇಕು. ಮೂರನೆಯದಾಗಿ, ದೂರದ ಆಸ್ಪತ್ರೆಗೆ ಹೋಗಲೇಬೇಕಾದವರ ಭೇಟಿಯನ್ನು ಬೇಸಾಯದ ಪಂಚಾಂಗ ನೋಡಿ ಗೊತ್ತುಮಾಡಬೇಕು. ಕಬ್ಬಿನ ಹಂಗಾಮು ಆರಂಭವಾಗುವ ಮುನ್ನವೇ ಒಂದು ಸಲ ಪಾದವನ್ನು ನೋಡಿಸಿಕೊಂಡರೆ ಅಪಾಯದ ಕಾಲಕ್ಕೆ ಮುನ್ನೆಚ್ಚರಿಕೆ ಆದಂತಾಗುವುದು.

ಈ ಭಾಗದ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡಬಹುದಾದ ಕೆಲಸವಿದೆ. ಒಂದು ಹಳ್ಳಿಯ ಮಧುಮೇಹಿಗಳು ಕಳೆದ ವರ್ಷ ಪಾದಕ್ಕಾಗಿ ಎಷ್ಟು ದಿನ ಕಳೆದುಕೊಂಡರು, ಯಾರು ಜೊತೆಗೆ ಹೋದರು, ಯಾವ ತಿಂಗಳಲ್ಲಿ ಹೋಗಲಿಲ್ಲ ಎಂಬುದನ್ನು ಕೇಳಿ ಬರೆದುಕೊಳ್ಳಲು ವಿಶೇಷ ಸಾಧನಗಳು ಬೇಕಿಲ್ಲ. ಈ ಲೇಖನದಲ್ಲಿ ಗಣಿತದಿಂದ ತುಂಬಿದ ಸ್ಥಾನವನ್ನು ಅಂಥ ಸಮೀಕ್ಷೆಗಳು ಅನುಭವದಿಂದ ತುಂಬಬಲ್ಲವು. ಹಾಗೆ ಹೋದವರು ಪ್ರಶ್ನೆ ಕೇಳುವ ಮೊದಲು ಆ ಮನೆಯ ಹಿರಿಯರ ಅಂಗಾಲನ್ನೊಮ್ಮೆ ನೋಡಿದರೆ, ಸಮೀಕ್ಷೆ ಮುಗಿಯುವುದಕ್ಕಿಂತ ಮುಂಚೆಯೇ ಅದರ ಫಲ ಆ ಮನೆಗೆ ಸಂದಿರುತ್ತದೆ.